ಕೆರೆಯಂಗಳದ ಕೊರ್ನೀಲಿಯಸ್

ಮ್ಯಾನಿಟೋಬಾದ ರೆಡ್ ನದಿಯ ಬಯಲಿನಲ್ಲಿ ಊರ ಕಾಲುವೆಗಳನ್ನು ನೋಡಿಕೊಳ್ಳುವ ಕೊರ್ನೀಲಿಯಸ್ ಪೆನ್ನರ್‌ಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಡ, ಯಾರಾದರೂ ಹೊಸ ಮನೆಗೆ ಪಾಯ ತೋಡಿದರೆ ಸಾಕು. ಗುಂಡಿಗಿಳಿದು ಒಂದು ಹಿಡಿ ಜೇಡಿಮಣ್ಣನ್ನೆತ್ತಿ ಮನೆಯೊಡೆಯನ ಮೂಗಿಗೇ ಹಿಡಿಯುತ್ತಾನೆ: "ಇದು ನೆಲ ಅಲ್ಲಯ್ಯಾ, ಕೆರೆಯಂಗಳ! ಹಿಮ ಕರಗಿ ಸಮುದ್ರದಂಥ ಸರೋವರ ನಿಂತಿತ್ತು ಇಲ್ಲಿ. ಬಡಗಲ ಮಂಜುಗಡ್ಡೆ ಗೋಡೆ ಒಡೀತು, ನೀರು ಹೊರಟುಹೋಯ್ತು. ಎಂಟು ಸಾವಿರ ವರ್ಷ ಆದ್ರೂ ಅದು ಈ ಜಾಗ ಮರೆತಿಲ್ಲ, ನಿಮಗಿನ್ನೂ ಬುದ್ಧಿ ಬಂದಿಲ್ಲ!" ಕಾಲುವೆಗೆ ಹುಲ್ಲು ಸುರಿದವರನ್ನು ಚರ್ಚಿನ ಬಾಗಿಲಲ್ಲೇ ಅಡ್ಡಗಟ್ಟಿ ಬೈಯುತ್ತಾನೆ. ಪಾದ್ರಿ ಸಮಾಧಾನ ಹೇಳಲು ಬಂದರೆ, "ಶಾಂತಿ ನಿಮ್ಮ ಬಾಯಲ್ಲಿರಲಿ, ನೀರು ನಿಮ್ಮ ನೆಲಮಾಳಿಗೇಲಿದೆ, ಹೋಗಿ ನೋಡಿ" ಎನ್ನುತ್ತಾನೆ. ಮೊಣಕಾಲುದ್ದದ ರಬ್ಬರ್ ಬೂಟನ್ನು ತನ್ನ ಮದುವೆಯ ದಿನವೂ ಬಿಚ್ಚಲಿಲ್ಲವೆಂದು ಊರು ನಗುತ್ತದೆ. ಆದರೆ ಅಕ್ಕ ಸುಸಾನಾಳ ಮುಂದೆ ಅವನಿಗೆ ದನಿಯೇ ಏಳುವುದಿಲ್ಲ. ದೊಡ್ಡ ನೆರೆಯ ವರ್ಷ ಊರನ್ನು ಉಳಿಸಲು, ನೀರಿಗೆ ಅಡ್ಡವಾಗಿದ್ದ ಎತ್ತರದ ರಸ್ತೆ ಕಡಿಸಿ ನೀರನ್ನು ಆಚೆ ಬಿಟ್ಟವನು ಅವನೇ. ಅಂಗೈಯಷ್ಟು ಸಮತಟ್ಟಾದ ಆ ಬಯಲಿನಲ್ಲಿ ನೀರು ಅಕ್ಕನ ಹೊಲ, ಮನೆ, ಕೊಟ್ಟಿಗೆಯ ಹನ್ನೊಂದು ಹಸುಗಳ ಮೇಲೆ ನಿಂತಿತು. ಈಗಲೂ ಪ್ರತಿ ಭಾನುವಾರ ಅವಳ ಬಾಡಿಗೆ ಕೋಣೆಗೆ ಹೋಗುತ್ತಾನೆ, ಅವಳು ಬಿಸಿ ಸಾಸೇಜು, ಬನ್ನು ಬಡಿಸುತ್ತಾಳೆ. "ಒಂದ್ಸಲ ಬೈಯೇ ಅಕ್ಕಾ. ಆ ಹಸುಗಳ ಹೆಸರೆತ್ತಿಯಾದ್ರೂ ಬೈಯೇ." "ತಿನ್ನೋ, ತಣ್ಣಗಾಗತ್ತೆ." ಅವನು ತಟ್ಟೆ ತಳ್ಳಿ ಎದ್ದು ಬರುತ್ತಾನೆ. ಸೋಮವಾರ ಮೊದಲು ಎದುರಾದವನನ್ನು ದೇವರೇ ಕಾಯಬೇಕು.