ಹಗೇವಿನೊಳಗಿನ ರಾಜ

ಶಿರಹಟ್ಟಿಯ ಪುಂಡಲೀಕಪ್ಪ ಮಾಸ್ತರರಷ್ಟು ಗುಟ್ಟಿನ ಶೂರನನ್ನು ನಾನು ಬೇರೆಲ್ಲೂ ಕಂಡಿಲ್ಲ. ಸುತ್ತಲಿನ ಊರುಗಳಲ್ಲಿ ಯಾರ ಸನ್ಮಾನವಿದ್ದರೂ ಬಿನ್ನವತ್ತಳೆ ಇವರದೇ. ಹಳೆಯ ಕಾವ್ಯಗಳಿಂದ ನಾಲ್ಕು ಸಾಲು ಕಿತ್ತು ತಂದು ಹತ್ತಿ ದಲ್ಲಾಳಿಯಿಂದ ದಿಗ್ವಿಜಯ ಮಾಡಿಸುವರು, ಪುರಸಭೆ ಸದಸ್ಯನನ್ನು ಕಲ್ಪವೃಕ್ಷ ಮಾಡುವರು. ಹೊಗಳಿಸಿಕೊಂಡವರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಹಿಗ್ಗುತ್ತಿದ್ದರು.

ಅವರ ಮೆಚ್ಚಿನ ಸಾಲೊಂದಿತ್ತು: ‘ನಿನ್ನ ನೆರಳಿರ್ದೆಡೆಯೊಳ್ ಬಿಸಿಲ್ಗೆಡೆಯಿಲ್ಲ.’ ಕೇಳಲು ಬಹಳ ಘನ, ನೀನಿದ್ದಲ್ಲಿ ಬಿಸಿಲಿಗೂ ಜಾಗವಿಲ್ಲವೆಂದು. ಮೂಲದಲ್ಲಿ ಕತೆಯೇ ಬೇರೆ. ವೈರಿ ಬಂದನೆಂದು ರಾಜ ಓಡಿಹೋಗಿ, ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಅಡಗುತ್ತಾನೆ. ಆಗ ಹೊಗಳುಭಟ್ಟನೊಬ್ಬ ಆ ಕತ್ತಲ ಹಗೇವಿನ ಬಾಯಿಗೆ ಬಗ್ಗಿ ಆಡುವ ಮಾತದು. ಒಮ್ಮೆ ಚಹಾ ಕುಡಿಯುತ್ತ ಮಾಸ್ತರರೇ ನನಗಿದನ್ನು ಹೇಳಿ ನಕ್ಕಿದ್ದರು.

“ಸನ್ಮಾನ ಮಾಡಿಸಿಕೊಂಡಾವಗ ಮಂದಿ ಮುಂದ ಹೇಡಿ ಅಂದೇನಿ. ಅವನ ನನಗ ಶಾಲು ಹೊಚ್ಚ್ಯಾನ.”

ಬಿನ್ನವತ್ತಳೆಯನ್ನು ದುಂಡಗೆ ಬರೆದು, ಗಾಜಿನ ಕಟ್ಟು ಹಾಕಿಕೊಡುವವರು ಬೆಟಗೇರಿಯ ಫಕೀರಸಾಬರು. ಆ ಸಾಲು ತಪ್ಪಬಾರದೆಂದು ಮಾಸ್ತರರು ಒಮ್ಮೆ ಪುಟ ಮಡಚಿ ಪುಸ್ತಕವನ್ನೇ ಅವರಿಗೆ ಕೊಟ್ಟಿದ್ದರು. ಕಟ್ಟು ಹಾಕುವ ಮನುಷ್ಯ ಹಿಂದುಮುಂದಿನ ಹಾಳೆಗಳನ್ನೂ ತಿರುವಿ ಹಾಕಿಯಾನು ಎಂಬುದು ಇವರ ತಲೆಗೆ ಹೊಳೆಯಲೇ ಇಲ್ಲ. ಕಲಿತವರ ಸೊಕ್ಕು.

ಫಕೀರಸಾಬರ ಮಗಳು ಆಯೇಶಾ, ಪುಂಡಲೀಕಪ್ಪ ಹೆಡ್‌ಮಾಸ್ತರರಾಗಿದ್ದ ಶಾಲೆಯಲ್ಲೇ ಟೀಚರ್. ಆಡಳಿತ ಮಂಡಳಿಯ ಅಧ್ಯಕ್ಷ ಗವಿಸಿದ್ದೇಶ ತನ್ನ ಮೊಮ್ಮಗನ ಅಂಕ ತಿದ್ದಲು ಹೇಳಿದ, ಅವಳು ಒಪ್ಪಲಿಲ್ಲ. ಅಂಕ ಬೇರೆ ಯಾರ ಕೈಯಿಂದಲೋ ತಿದ್ದಿಸಿಕೊಂಡು, ಅವಳೇ ತಿದ್ದಿದಳೆಂದು ಅವಳನ್ನೇ ಹೊರಗೆ ಹಾಕಿದ. ಮಾಸ್ತರರಿಗೆ ಎಲ್ಲವೂ ಗೊತ್ತಿತ್ತು. ಮಂಡಳಿಯ ಸಭೆಯಲ್ಲಿ ಇವರ ಒಂದೇ ಮಾತು ಆ ಹುಡುಗಿಯ ಮಾನ ಉಳಿಸುತ್ತಿತ್ತು. ತುಟಿ ಬಿಚ್ಚಲಿಲ್ಲ. ತಿಂಗಳು ಕಳೆದ ಮೇಲೆ ಗವಿಸಿದ್ದೇಶನ ಸನ್ಮಾನಕ್ಕೆ ಅದೇ ನೆರಳಿನ ಸಾಲು ಬರೆದು, ದೊಡ್ಡ ಸೇಡು ತೀರಿಸಿದವರಂತೆ ನನ್ನತ್ತ ಕಣ್ಣು ಹೊಡೆದರು. ನನಗೆ ಹೇಸಿಗೆಯಾಯಿತು. ಆದರೆ ಅವಳನ್ನು ಹೊರಗೆ ಹಾಕಿದ ಆ ಸಭೆಯಲ್ಲಿ, ಅದೇ ಶಾಲೆಯ ಮಾಸ್ತರನಾದ ನಾನೂ ಸುಮ್ಮನೆ ಕೂತವನೇ.

ಈ ವರ್ಷ ಮಾಸ್ತರರು ನಿವೃತ್ತರಾದರು. ಬಿನ್ನವತ್ತಳೆ ಬರೆಯುವವರಿಗೇ ಬಿನ್ನವತ್ತಳೆ ಬರೆಯುವವರು ಯಾರೆಂಬ ಪ್ರಶ್ನೆ ಎದ್ದಾಗ, “ನಾ ಬರೀತೀನ್ರಿ,” ಎಂದರು ಫಕೀರಸಾಬರು.

ಸಮಾರಂಭದ ದಿನ ಅವರೇ ನಿಧಾನವಾಗಿ ಓದಿದರು. ಶಿಸ್ತು, ಪಾಂಡಿತ್ಯ, ಸರಳತೆ ಎಲ್ಲ ಮುಗಿದು ಕಡೆಗೆ ಬಂತು: ‘ನಿನ್ನ ನೆರಳಿರ್ದೆಡೆಯೊಳ್ ಬಿಸಿಲ್ಗೆಡೆಯಿಲ್ಲ.’

ಮಾಸ್ತರರ ನಗು ಅಲ್ಲೇ ನಿಂತಿತು. ಕಟ್ಟು ಕೈಗೆ ಬರುವಾಗ ಅವರು ಮೆಲ್ಲಗೆ ಕೇಳಿದರು. ಪಕ್ಕದ ಕುರ್ಚಿಯಲ್ಲಿದ್ದ ನನಗೆ ಕೇಳಿಸಿತು.

“ಆ ಪುಸ್ತಕ ಪೂರಾ ಓದೀಯೇನು, ಫಕೀರಸಾಬ?”

“ಓದೇನ್ರಿ ಸರ. ಆಯೇಶಾಗೂ ಓದಿ ಹೇಳೇನ್ರಿ.”

ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ಗವಿಸಿದ್ದೇಶ. ಫೋಟೋದವನು ಸ್ವಲ್ಪ ಮೇಲೆ ಹಿಡಿಯಿರಿ ಎಂದ. ಮಾಸ್ತರರು ಎರಡೂ ಕೈಯಿಂದ ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು.