ಮೆರಿಯೊನೆತ್ ಮಾಸ್ತರರು ಮತ್ತು ಹೊಳೆವ್ವನ ದಿಬ್ಬ

ಸಪ್ತಾಪುರದ ಗುರುಶಿದ್ದಪ್ಪ ಮಾಸ್ತರರಿಗೆ ಹುಡುಗರು ಇಟ್ಟ ಅಡ್ಡಹೆಸರು ‘ಮೆರಿಯೊನೆತ್’. ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ಮನುಷ್ಯ. ವೇಲ್ಸ್ ದೇಶದ ಆ ಹೆಸರಿನ ಹಳೆಯ ಜಿಲ್ಲೆಯ ಮಾತು ಬಂತೆಂದರೆ ಗಂಟೆ ಹೊಡೆದರೂ ಹುಡುಗರನ್ನು ಬಿಡುತ್ತಿರಲಿಲ್ಲ. ಪಶ್ಚಿಮಕ್ಕೆ ಸಮುದ್ರ, ಉಳಿದದ್ದೆಲ್ಲ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಸ್ಲೇಟು ಮಾಡುವ ಪಾಟಿಕಲ್ಲು.

“ಮೆರಿಯೊನ್ ಅನ್ನಾಂವ ಒಬ್ಬ ಇದ್ದನಂತ. ಅವರಜ್ಜ ಗೆದ್ದ ಸೀಮಿಯೊಳಗ ಇವನ ಪಾಲಿಗೆ ಬಂದದ್ದು ಆ ಗುಡ್ಡಗಾಡು. ಇವನ ಹೆಸರ ಬಿತ್ತು. ಅದಕ್ಕೂ ಮೊದ್ಲ ಕುರಿ ಕಾಯಾವ್ರು ಏನಂತಿದ್ರು? ಪುಸ್ತಕದಾಗ ಇಲ್ಲ. ಊರ ಹೆಸರ ಕೇಳಾಕ ಬಂದಾಂವನ್ನ ಮೊದ್ಲ ಸಂಶಯದಿಂದ ನೋಡ್ರಿ!”

ನಿವೃತ್ತಿಯಾದ ಮೇಲೆ ಈ ಸಂಶಯ ಹೊತ್ತುಕೊಂಡೇ ನಮ್ಮ ಹೋರಾಟಕ್ಕೆ ಬಂದರು. ತಾರಿಹಾಳದ ಆಚೆ ಒಂದು ದಿಬ್ಬ. ಆಡು ಸಾಕಿ ಬದುಕುವ ಮುದುಕಿ ಉಡಚವ್ವನ ಆಡುಗಳು ಮೇಯುವುದು ಅಲ್ಲೇ. ಅದನ್ನು ಸರಕಾರ ಗೋದಾಮಿಗೆ ಕೊಡುತ್ತದೆಂಬ ಸುದ್ದಿ ಹಬ್ಬಿತ್ತು; ಅದನ್ನು ಉಳಿಸಿಕೊಳ್ಳುವುದೇ ನಮ್ಮ ಹೋರಾಟ. ಸರ್ವೆಯವರಿಗೆ ಏನೂ ಹೇಳಬಾರದೆಂದು ಸಭೆಯಲ್ಲಿ ತೀರ್ಮಾನಿಸಿದೆವು. ನಾನೂ ಕೈ ಎತ್ತಿದ್ದೆ.

ಸರ್ವೆಗೆ ಬಂದವಳು ಚಿನ್ಮಯೀ ಎಂಬ ಹುಡುಗಿ. ದಿಬ್ಬದ ಬುಡದಲ್ಲಿ ಸಿಕ್ಕ ಮಾಸ್ತರರನ್ನೇ ಕೇಳಿದಳು.

“ಅಜ್ಜಾರ, ಈ ದಿಬ್ಬಕ್ಕ ಏನಂತಾರ್ರಿ?”

“ನಿನಗ್ಯಾಕ ಬೇಕವಾ? ಯಾರು ಕಳಿಸ್ಯಾರ ನಿನ್ನ?”

“ನಕಾಶಕ್ಕ ಬೇಕ್ರಿ.”

“ಹೆಸರಿಲ್ಲ ಅಂತ ಬರಕೋ ಹೋಗು.”

ಬರೆದುಕೊಂಡಳು. ನಾಲ್ಕು ತಿಂಗಳಿಗೆ ನೋಟಿಸು ಬಂತು: ಹೆಸರಿಲ್ಲದ, ಯಾರೂ ಬಳಸದ ದಿಬ್ಬ, ತಕರಾರಿದ್ದರೆ ಹದಿನೈದು ದಿನದೊಳಗೆ ತಿಳಿಸಬೇಕು. ಶತ್ರು ಏನೂ ಮಾಡಬೇಕಾಗಿರಲಿಲ್ಲ. ಅವನ ಕೆಲಸವನ್ನು ನಾವೇ ಮಾಡಿಕೊಟ್ಟಿದ್ದೆವು.

ಮಾಸ್ತರರು ಅರ್ಜಿ ಬರೆದರು. ಇದು ಹೊಳೆವ್ವನ ದಿಬ್ಬ. ಉಡಚವ್ವನ ಮುತ್ತಜ್ಜಿ ಹೊಳೆವ್ವ ಕಟ್ಟಿದ ಕುರಿದಡ್ಡಿಯ ಕಲ್ಲುಗೋಡೆ ಇನ್ನೂ ನಿಂತಿದೆ. ಅರ್ಜಿಗೆ ಉಡಚವ್ವನ ಹೆಬ್ಬೆಟ್ಟು ಬೇಕಿತ್ತು. ಅವಳು ಕಾಗದ ಮುಟ್ಟಲಿಲ್ಲ.

“ಆವತ್ತ ಇಲ್ಲ ಅಂದ ಬಾಯಿ ಇವತ್ತ ಐತಿ ಅಂತೈತಿ. ನಿಮಗ ಎಷ್ಟ ಗುಂಟೆ ಕೊಡ್ತೇವಿ ಅಂದಾರ್ರಿ ಮಾಸ್ತರ?”

ನನಗೆ ನಗು ತಡೆಯಲಿಲ್ಲ. ಮಾಸ್ತರರ ಮುಖ ಕಪ್ಪಿಟ್ಟಿತು.

“ತಪ್ಪ ನಂದ ಉಡಚವ್ವಾ.”

“ಬಾಯಿಲೆ ಬ್ಯಾಡ. ಗೊತ್ತಿದ್ದೂ ಸುಳ್ಳ ಹೇಳಿದ್ದೆ ಅಂತ ಅದ್ರಾಗ ಬರೀರಿ. ಆಮ್ಯಾಲೆ ನನ್ನ ಹೆಬ್ಬೆಟ್ಟ.”

ಸಾವಿರಾರು ಹುಡುಗರ ತಪ್ಪು ತಿದ್ದಿದ ಕೈ ತನ್ನ ತಪ್ಪು ಬರೆಯಲು ಅರ್ಧ ತಾಸು ತೆಗೆದುಕೊಂಡಿತು. ಬರೆದ ಮೇಲೆ ಅವಳು ಹೆಬ್ಬೆಟ್ಟು ಒತ್ತಿದಳು. ಅರ್ಜಿಯನ್ನು ಮಾತ್ರ ನಮ್ಮ ಕೈಗೆ ಕೊಡಲಿಲ್ಲ. ಎಲೆಯಡಿಕೆ ಸಂಚಿಯಲ್ಲಿ ತುರುಕಿಕೊಂಡು ಕಚೇರಿಗೆ ಹೊರಟಳು. ನಾವು ಹಿಂದೆ.

ಗುಮಾಸ್ತ ಅರ್ಜಿ ಎಳೆದುಕೊಳ್ಳಲು ಹೋದ. ಅವಳು ಬಿಡಲಿಲ್ಲ.

“ಮೊದಲ ಅರ್ಜಿ ಮುಟ್ಟೇತಿ ಅಂತ ಪೋಚ್ ಬರೀರಿ. ದಿಬ್ಬದ ಹೆಸರ ಹಾಕಿ ಬರೀರಿ.”

ಬರೆದ, ಶಿಕ್ಕಾ ಹೊಡೆದ. ಓದಿ ಹೇಳಲು ಮಾಸ್ತರರು ಕೈಚಾಚಿದರು. ಅವರನ್ನು ದಾಟಿಕೊಂಡು ಹೋಗಿ, ಗೇಟಿನ ಹೊರಗೆ ಚಹಾ ಮಾರುವ ನಿಜಾಮುದ್ದೀನನ ಮುಂದೆ ಪೋಚ್ ಹಿಡಿದಳು.

“ಹೊಳೆವ್ವನ ದಿಬ್ಬ ಅಂತ ಐತಿ, ಅವ್ವಾ.”

“ಮಾಸ್ತರ ಮಾರಿ ನೋಡಬ್ಯಾಡ. ಇನ್ನೊಮ್ಮೆ ಓದು.”