ಕೆನಡಾದ ಗವರ್ನರನೂ ನಮ್ಮ ಮೆಸ್ಸೂ

ಸೌದಿಯ ತಬೂಕಿನ ನಮ್ಮ ರೂಮಿನಲ್ಲಿ ಊರ ಕಡೆಯವರೇ ಹತ್ತು ಮಂದಿ, ಒಂದೇ ಅಡುಗೆಮನೆ. ಎಲ್ಲರಿಗಿಂತ ಹಿರಿಯನೆಂದು ಮೆಸ್ಸಿನ ಯಜಮಾನಿಕೆ ನನ್ನದು. ಶುಕ್ರವಾರ ಊಟವಾದ ಮೇಲೆ ಮೀಟಿಂಗ್. ಎಲ್ಲರೂ ಕೈ ಎತ್ತಿ ಅಭಿಪ್ರಾಯ ಹೇಳಬಹುದು, ನಾನು ತಲೆದೂಗಿ ಕೇಳುತ್ತಿದ್ದೆ. ಆಮೇಲೆ ಕಮಿಟಿಯ ತೀರ್ಮಾನ. ಕಮಿಟಿ ಎಂದರೆ ನಾನು, ನನ್ನ ಭಾವ, ನನ್ನ ತಂಗಿಯ ಮಗ. ಬಿರಿಯಾನಿಯ ದೊಡ್ಡ ಪಾತ್ರೆ ತೊಳೆಯುವ ಪಾಳಿ ನಮ್ಮ ಮೂವರಿಗೆ ಎಂದೂ ಬಂದದ್ದಿಲ್ಲ. ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಪಾತ್ರೆ ಬೀಳುತ್ತಿದ್ದದ್ದು ಉಡುಪಿ ಕಡೆಯ ಟ್ರೈಲರ್ ಡ್ರೈವರನ ಪಾಲಿಗೆ. ವಾರವಿಡೀ ರಸ್ತೆಯಲ್ಲಿರುತ್ತಾನೆ, ಶುಕ್ರವಾರವಾದರೂ ರೂಮಿನ ಕೆಲಸ ಮಾಡಲಿ ಎಂಬುದು ಕಮಿಟಿಯ ವಾದ. ಚಳಿಗಾಲದಲ್ಲಿ ಒಮ್ಮೆ ಅವನು ಮೀಟಿಂಗಿನಲ್ಲಿ ಕೇಳಿದ: "ಹಾಜಿಯಾರೇ, ನಾನು ಬೆಳಗ್ಗೆ ಮೀನು ಕ್ಲೀನ್ ಮಾಡುತ್ತೇನೆ, ಪಾತ್ರೆ ಬೇರೆಯವರು ತೊಳೆಯಲಿ. ಮಗಳು ಅಂಗನವಾಡಿಯಿಂದ ಬಂದು ಫೋನಿಗೆ ಸಿಗುವುದು ಪಾತ್ರೆ ತೊಳೆಯುವ ಹೊತ್ತಿನಲ್ಲಿ ಮಾತ್ರ. ಮತ್ತೆ ಹೆಂಡತಿ ಫೋನು ಹಿಡಿದು ಡ್ಯೂಟಿಗೆ ಹೋಗುತ್ತಾಳೆ." ನಮ್ಮ ಮೂವರದ್ದು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಕಮಿಟಿ ಚಹಾ ಕುಡಿದು, ಆಗುವುದಿಲ್ಲ ಎಂದಿತು.

ರೂಮಿನ ಅಕೌಂಟೆಂಟನಿಗೆ ಕೆನಡಾಕ್ಕೆ ಹೋಗುವ ಹುಚ್ಚು. ಆ ದೇಶದ ಚರಿತ್ರೆಯನ್ನು ಮೊಬೈಲಿನಲ್ಲಿ ಓದಿ, ಎಸ್ಸೆಸ್ಸೆಲ್ಸಿಗೇ ನಿಂತ ನನ್ನಂಥವರಿಗೆ ಈರುಳ್ಳಿ ಹೆಚ್ಚುತ್ತಾ ಹೇಳುತ್ತಿದ್ದ. ಈ ಬೇಸಿಗೆಯಲ್ಲಿ ಬ್ರಿಟಿಷರ ಕಾಲದ ಕಥೆ ಬಂತು. ಜನ ಓಟು ಹಾಕಿ ಪ್ರತಿನಿಧಿಗಳನ್ನು ಸಭೆಗೆ ಕಳಿಸುತ್ತಿದ್ದರಂತೆ. ಆದರೆ ಗವರ್ನರ್ ಕೇಳುತ್ತಿದ್ದದ್ದು ತಾನೇ ನೇಮಿಸಿದ ಮಂಡಳಿಯ ಮಾತು. ಅದರಲ್ಲೆಲ್ಲ ನೆಂಟರು, ಸ್ನೇಹಿತರು. ಒಳ್ಳೆಯ ಜಮೀನು, ಹುದ್ದೆ ಎಲ್ಲ ಅವರವರೊಳಗೇ. ಜನ ದಂಗೆ ಎದ್ದು ಸೋತರು, ಕೆಲವರು ಗಲ್ಲಿಗೇರಿದರು. ಕೊನೆಗೆ, ಸಭೆಯಲ್ಲಿ ಬಹುಮತ ಇದ್ದವರದೇ ಆಡಳಿತ ಎಂದಾಯಿತಂತೆ.

"ಎಂತ ಖದೀಮ ಮಾರಾಯ ಆ ಗವರ್ನರ್!" ಎಂದು ನಾನು ಜೋರಾಗಿ ನಕ್ಕೆ.

ಬೇರೆ ಯಾರೂ ನಗಲಿಲ್ಲ. ಅಕೌಂಟೆಂಟ್ ಈರುಳ್ಳಿಯಿಂದ ತಲೆ ಎತ್ತದೆ, "ಅವನು ಪಾತ್ರೆ ತೊಳೆಯುತ್ತಿದ್ದನೋ ಇಲ್ಲವೋ ಬರೆದಿಲ್ಲ ಹಾಜಿಯಾರೇ," ಎಂದ.

ಭಾವ ಕೆಮ್ಮಿದ. ನನ್ನ ಕಿವಿ ಬಿಸಿಯಾಯಿತು. "ಸರಿ, ಡ್ರೈವರನ ವಿಷಯಕ್ಕೆ ಈಗಲೇ ಕೈ ಎತ್ತಿ. ಹೆಚ್ಚು ಕೈ ಎಲ್ಲಿಯೋ ಅದೇ ತೀರ್ಮಾನ," ಎಂದೆ. ನೋಡಿದರೆ ತಂಗಿಯ ಮಗನ ಕೈಯೂ ಮೇಲೆ!

"ಗವರ್ನರ್ ಊರಿಗೆ ಹೋದ ಮೇಲೂ ನಾನು ಇವರ ಜೊತೆಯೇ ಇರಬೇಕಲ್ಲ ಮಾಮ," ಎಂದ.

ಮುಂದಿನ ಶುಕ್ರವಾರ ಪಾತ್ರೆಯ ಮುಂದೆ ನಾನು ಕುಳಿತೆ. ಡ್ರೈವರ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ವಿಡಿಯೋ ಕಾಲ್ ಮಾಡಿದ. ಮಗು ಒಮ್ಮೆ ನೋಡಿ ಅಮ್ಮನ ಹಿಂದೆ ಅಡಗಿತು. "ಯಾರದು?" ಎಂದು ಅಮ್ಮನನ್ನು ಕೇಳಿದ್ದು ನನಗೂ ಕೇಳಿಸಿತು. ನನ್ನ ಮುಖ ನೋಡಿ ಅವನೇ, "ಸಣ್ಣದಲ್ವಾ ಹಾಜಿಯಾರೇ, ಸರಿಯಾಗ್ತದೆ," ಎಂದ.

ಈಗ ಶುಕ್ರವಾರಗಳಲ್ಲಿ ಮಗಳು ಮುಖ ತೋರಿಸುತ್ತಾಳೆ, ಮಾತಿಲ್ಲ. ಅವನೊಬ್ಬನೇ ಏನೇನೋ ಹೇಳುತ್ತಿರುತ್ತಾನೆ. ನಾನು ನಲ್ಲಿ ನಿಲ್ಲಿಸಿ, ಇವತ್ತಾದರೂ ಅವಳು ಉತ್ತರ ಕೊಡುತ್ತಾಳೋ ಎಂದು ಕಾಯುತ್ತೇನೆ.